ಐನ್‌ಮನೆಯ ಶಂಖಕ್ಕೆ ಬಿಳಿ ಪುಡಿ ಹಿಡಿದಿದೆ, ಏನು ಮಾಡಲಿ?

ಭಾಗಮಂಡಲದ_ಮನೆ · ಅಕ್ಟೋಬರ್ 2, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಒಂದು ಹಳೇ ಶಂಖ ಇದೆ. ಅಜ್ಜ ಇದ್ದಾಗ ಕಾವೇರಿ ಸಂಕ್ರಮಣದ ದಿನ ತಲಕಾವೇರಿಯಿಂದ ತಂದ ತೀರ್ಥವನ್ನು ಇದರಿಂದಲೇ ಎಲ್ಲರ ಕೈಗೂ ಹಾಕುತ್ತಿದ್ದರು. ಈಗ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಸಂಕ್ರಮಣಕ್ಕೆ ಎರಡು ವಾರ ಇದೆ ಅಂತ ಇವತ್ತು ಹಲಸಿನ ಮರದ ಪೆಟ್ಟಿಗೆ ತೆಗೆದು ನೋಡಿದೆ. ಶಂಖದ ಮೇಲೆಲ್ಲ ಬಿಳಿ ಪುಡಿ. ಹಿಟ್ಟು ಉದುರಿಸಿದ ಹಾಗೆ. ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಸುರುಳಿಯ ಸಂದಿಗಳಲ್ಲಿ ಸಣ್ಣ ಸಣ್ಣ ಸೂಜಿ ಎದ್ದ ಹಾಗೆ ಕಾಣುತ್ತದೆ. ಪೆಟ್ಟಿಗೆ ತೆಗೆದಾಗ ಹುಳಿ ವಾಸನೆ ಬಂತು.

ಜೂನ್‌ನಿಂದ ಪೆಟ್ಟಿಗೆ ತೆಗೆದೇ ಇರಲಿಲ್ಲ. ಈ ಮಳೆಯಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಇದೂ ಬೂಷ್ಟೇ ಇರಬೇಕು ಅಂದುಕೊಂಡು ಹಿತ್ತಾಳೆ ದೀಪ ತಿಕ್ಕುವಾಗ ಶಂಖಕ್ಕೂ ನಮ್ಮ ಕೊಡಗಿನ ಹುಳಿರಸ ಕಾಚಂಪುಳಿ ಸ್ವಲ್ಪ ಹಚ್ಚಿದೆ. ಹಚ್ಚಿದ ಕೂಡಲೇ ಸಣ್ಣಗೆ ನೊರೆ ಬಂತು. ತೊಳೆದು ನೋಡಿದರೆ ಆ ಜಾಗದ ಹೊಳಪು ಹೋಗಿ ಸೀಮೆಸುಣ್ಣದ ಹಾಗಾಗಿದೆ. ಅಲ್ಲಿಗೇ ನಿಲ್ಲಿಸಿದೆ. ಮನಸ್ಸಿಗೆ ತುಂಬಾ ಬೇಜಾರಾಗಿದೆ.

ಇನ್ನೊಂದು ವಿಷಯ. ಚಿಕ್ಕಪ್ಪನ ಮಗ ಹೇಳುತ್ತಾನೆ, ಇದು ಹಾಳಾಯಿತು, ತೆಗೆದಿಟ್ಟು ಹೊಸದು ತರೋಣ ಅಂತ. ಊರೂರು ಸುತ್ತುವ ಒಬ್ಬ ವ್ಯಾಪಾರಿ ಅವನಿಗೆ ಬಲಕ್ಕೆ ಬಾಯಿರುವ ಅಪರೂಪದ ಬಲಮುರಿ ಶಂಖ ತೋರಿಸಿದ್ದಾನಂತೆ. 45,000 ರೂಪಾಯಿ ಕೇಳಿದ್ದಾನೆ. ನನಗೆ ಹಳೆಯದೇ ಬೇಕು. ಅದನ್ನು ಉಳಿಸಿಕೊಳ್ಳುವುದು ಹೇಗೆ? ತಿಳಿದವರು ಹೇಳಿ.

---

ಸೋಮವಾರಪೇಟೆ_ಕಾಫಿ · ಅಕ್ಟೋಬರ್ 2, ರಾತ್ರಿ 9:25

ಅಣ್ಣ, ಇನ್ನೇನನ್ನೂ ಹಚ್ಚಬೇಡಿ. ನಿಂಬೆ, ಹುಣಸೆ ಯಾವುದೂ ಬೇಡ. ನಮ್ಮ ಮನೆಯಲ್ಲೂ ಒಮ್ಮೆ ಹುಣಸೆಹಣ್ಣಲ್ಲಿ ತಿಕ್ಕಿ ಶಂಖ ಮಂಕಾಯಿತು. ಬಿಳಿ ಪುಡಿ ಮಾತ್ರ ನಾನು ನೋಡಿದ್ದಲ್ಲ. ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದ ಮೇಡಂ ಒಬ್ಬರು ಈ ಗುಂಪಿನಲ್ಲಿದ್ದಾರೆ. ನೋಡಿದರೆ ಖಂಡಿತ ಬರೆಯುತ್ತಾರೆ.

---

ಮಡಿಕೇರಿ_ಮೇಷ್ಟ್ರಮ್ಮ · ಅಕ್ಟೋಬರ್ 3, ಬೆಳಿಗ್ಗೆ 6:15

ನೋಡಿದೆ. ಮೊದಲು ಸಮಾಧಾನ ಮಾಡಿಕೊಳ್ಳಿ, ನಿಮ್ಮ ಶಂಖ ಹಾಳಾಗಿಲ್ಲ.

ನೀವು ಹೇಳಿದ ಲಕ್ಷಣ ನೋಡಿದರೆ ಇದು ಬೂಷ್ಟಲ್ಲ. ಚಿಪ್ಪು ಕೂಡಿಡುವವರು ಇದನ್ನು ಬೈನ್ ರೋಗ ಎನ್ನುತ್ತಾರೆ. 1899ರಲ್ಲಿ ಬೈನ್ ಎಂಬಾತ ಇದರ ಬಗ್ಗೆ ಬರೆದ. ಬ್ಯಾಕ್ಟೀರಿಯಾದ ಕೆಲಸ ಎಂದುಕೊಂಡಿದ್ದ. ಹಾಗಲ್ಲ ಎಂದು ಆಮೇಲೆ ಗೊತ್ತಾಯಿತು. ಶಂಖ ಎಂದರೆ ಮುಕ್ಕಾಲುಪಾಲಿಗಿಂತ ಜಾಸ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಮರದಿಂದ ಸದಾ ಸ್ವಲ್ಪ ಸ್ವಲ್ಪ ಹುಳಿ ಆವಿ ಬರುತ್ತಿರುತ್ತದೆ, ಅಸಿಟಿಕ್ ಆಮ್ಲ, ಫಾರ್ಮಿಕ್ ಆಮ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಹೊರಗೆ ಹೋಗುವುದಿಲ್ಲ. ನಮ್ಮ ಮಳೆಗಾಲದ ತೇವವೂ ಸೇರಿತು ಅನ್ನಿ, ಆವಿ ಚಿಪ್ಪನ್ನು ಮೆಲ್ಲಗೆ ತಿನ್ನುತ್ತದೆ. ತಿಂದ ಮೇಲೆ ಉಳಿಯುವ ಉಪ್ಪೇ ಆ ಬಿಳಿ ಪುಡಿ. ನಿಮಗೆ ಬಂದ ಹುಳಿ ವಾಸನೆಯೂ ಅದರದ್ದೇ.

ಕಾಚಂಪುಳಿ ಹಚ್ಚಿದಾಗ ನೊರೆ ಬಂದದ್ದೂ ಇದೇ ಕಾರಣಕ್ಕೆ. ಪೆಟ್ಟಿಗೆಯೊಳಗೆ ನಾಲ್ಕು ತಿಂಗಳು ನಿಧಾನವಾಗಿ ಆದದ್ದು ನಿಮ್ಮ ಕೈಯಲ್ಲಿ ಒಂದು ನಿಮಿಷದಲ್ಲಿ ಆಯಿತು. ಹೋದ ಹೊಳಪು ಮರಳಿ ಬರುವುದಿಲ್ಲ. ಆದರೆ ಅದು ಮೇಲ್ಪದರ ಮಾತ್ರ. ಶಂಖದ ಗೋಡೆ ದಪ್ಪ.

ಈಗ ಮಾಡಬೇಕಾದ್ದು ಇಷ್ಟು. ಮೆತ್ತಗಿನ ಬ್ರಷ್‌ನಿಂದ ಪುಡಿ ಉದುರಿಸಿ. ಆ ಉಪ್ಪು ನೀರಿನಲ್ಲಿ ಕರಗುತ್ತದೆ, ಹಾಗಾಗಿ ಬ್ಯಾಟರಿಗೆ ಹಾಕುವ ಶುದ್ಧ ನೀರು ತಂದು ಒಂದು ದಿನ ಮುಳುಗಿಸಿಡಿ. ನಡುವೆ ಎರಡು ಸಲ ನೀರು ಬದಲಿಸಿ. ಆಮೇಲೆ ಬಾಯಿ ಕೆಳಗೆ ಮಾಡಿ ನೆರಳಲ್ಲಿ ಪೂರ್ತಿ ಒಣಗಿಸಿ. ಒಳಸುರುಳಿಯ ನೀರು ಒಂದೇ ದಿನಕ್ಕೆ ಹೋಗುವುದಿಲ್ಲ, ನಾಲ್ಕೈದು ದಿನ ಬಿಡಿ. ಬಿಸಿಲಿಗಾಗಲಿ ಒಲೆ ಪಕ್ಕಕ್ಕಾಗಲಿ ಇಡಬೇಡಿ. ಮುಖ್ಯವಾಗಿ, ಆ ಮರದ ಪೆಟ್ಟಿಗೆಗೆ ಮತ್ತೆ ಹಾಕಬೇಡಿ. ರಟ್ಟಿನ ಡಬ್ಬವೂ ಬೇಡ, ಅದೂ ಹುಳಿ ಬಿಡುತ್ತದೆ. ಗಾಳಿ ಆಡುವ ಕಡೆ ಸ್ಟೀಲ್ ತಟ್ಟೆಯ ಮೇಲೆ ಇಟ್ಟರೆ ಸಾಕು.

ಬಲಮುರಿ ಬಗ್ಗೆ ಸಂಜೆ ಬರೆಯುತ್ತೇನೆ. ಅಲ್ಲಿಯವರೆಗೆ ಯಾರಿಗೂ ಮುಂಗಡ ಕೊಡಬೇಡಿ.

---

ಭಾಗಮಂಡಲದ_ಮನೆ · ಅಕ್ಟೋಬರ್ 3, ಬೆಳಿಗ್ಗೆ 7:02

ಮೇಡಂ, ಕೈಮುಗಿಯುತ್ತೇನೆ. ಕಾಚಂಪುಳಿ ತಾಗಿದ ಜಾಗ ಎರಡು ಬೆರಳಗಲ ಇದೆ ಅಷ್ಟೇ. ಬ್ಯಾಟರಿ ನೀರಿಗೆ ಈಗಲೇ ಹೋಗುತ್ತೇನೆ.

---

ಸೋಮವಾರಪೇಟೆ_ಕಾಫಿ · ಅಕ್ಟೋಬರ್ 3, ಮಧ್ಯಾಹ್ನ 1:30

ಮೇಡಂ, ಒಂದು ಪ್ರಶ್ನೆ. ನಮ್ಮ ಕಡೆ ತೋಟಕ್ಕೆ ಬೀಳುವ ಆಫ್ರಿಕನ್ ಬಸವನಹುಳುವಿಗೆ ಜನ ಶಂಖದ ಹುಳು ಅಂತಲೇ ಹೇಳುತ್ತಾರೆ. ಮಳೆ ಶುರುವಾದರೆ ರಾತ್ರಿ ಕಾಫಿ ಗಿಡ, ಬಾಳೆ, ಮೆಣಸಿನ ಬಳ್ಳಿ ಎಲ್ಲದರ ಮೇಲೂ ಇರುತ್ತವೆ. ಟಾರ್ಚ್ ಹಿಡಿದು ಹೆಕ್ಕಿ ಹೆಕ್ಕಿ ಸಾಕಾಗಿದೆ. ನಮ್ಮ ಕೆಲಸದ ಹುಡುಗ ಕೇಳಿದ, ಇದೇ ದೊಡ್ಡದಾದರೆ ಪೂಜೆಯ ಶಂಖ ಆಗುತ್ತದಾ ಅಂತ. ನನಗೆ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಎರಡೂ ಒಂದೇ ಜಾತಿಯಾ?

---

ಮಡಿಕೇರಿ_ಮೇಷ್ಟ್ರಮ್ಮ · ಅಕ್ಟೋಬರ್ 3, ಸಂಜೆ 5:50

ಹುಡುಗ ಕೇಳಿದ್ದು ಒಳ್ಳೆಯ ಪ್ರಶ್ನೆ. ಎರಡೂ ಮೃದ್ವಂಗಿಗಳೇ, ಎರಡೂ ಹೊಟ್ಟೆಯ ಮೇಲೆ ಹರಿಯುವ ಬಸವನಹುಳುಗಳೇ. ಸಂಬಂಧ ಅಲ್ಲಿಗೆ ಮುಗಿಯಿತು. ತೋಟದ್ದು ನೆಲದ ಹುಳು, ಶ್ವಾಸಕೋಶದಿಂದ ಉಸಿರಾಡುತ್ತದೆ. ಎಲೆ, ತೊಗಟೆ ತಿನ್ನುತ್ತದೆ. ಮೂಲ ಪೂರ್ವ ಆಫ್ರಿಕಾ. 1847ರಲ್ಲಿ ಬೆನ್ಸನ್ ಎಂಬಾತ ಮಾರಿಷಸ್‌ನಿಂದ ಕಲ್ಕತ್ತಕ್ಕೆ ತಂದು ಬಿಟ್ಟ, ಅಲ್ಲಿಂದ ದೇಶವೆಲ್ಲ ಹರಡಿತು. ಚಿಪ್ಪು ತೆಳು, ಕಾಲಿಟ್ಟರೆ ಒಡೆಯುತ್ತದೆ. ಅದು ಎಷ್ಟು ಬೆಳೆದರೂ ಶಂಖ ಆಗುವುದಿಲ್ಲ. ಅಂದಹಾಗೆ ಬರಿಗೈಯಲ್ಲಿ ಹೆಕ್ಕಬೇಡಿ. ಮೆದುಳಿಗೆ ತೊಂದರೆ ಕೊಡುವ ಒಂದು ಜಂತು ಅದರಲ್ಲಿರಬಹುದು. ಕೈಗವಸು ಹಾಕಿಸಿ, ಹುಡುಗನಿಗೂ ಹೇಳಿ.

ನಮ್ಮ ಪೂಜೆಯ ಶಂಖ ಕಡಲಿನದು. ಹೆಸರು ಟರ್ಬಿನೆಲ್ಲಾ ಪೈರಮ್. ಹೆಸರಿಟ್ಟದ್ದು ಲಿನೇಯಸ್, 1767ರಲ್ಲಿ. ಕಿವಿರಿನಿಂದ ಉಸಿರಾಡುತ್ತದೆ, ಮಾಂಸಾಹಾರಿ. ಮರಳಿನೊಳಗಿನ ಹುಳುಗಳನ್ನು ಹುಡುಕಿ ತಿನ್ನುತ್ತದೆ. ತೂತ್ತುಕುಡಿ, ರಾಮೇಶ್ವರದ ಕಡೆಯ ಮನ್ನಾರ್ ಕೊಲ್ಲಿ ಇದರ ದೊಡ್ಡ ನೆಲೆ. ಶ್ರೀಲಂಕಾದ ಸುತ್ತ, ಗುಜರಾತಿನ ಕಛ್ ಕೊಲ್ಲಿಯಲ್ಲೂ ಇದೆ.

ಜೀವ ಇರುವ ಶಂಖವನ್ನು ನೋಡಿದರೆ ನಿಮಗೆ ಗುರುತೇ ಸಿಗಲಿಕ್ಕಿಲ್ಲ. ಬೆಳ್ಳಗಿರುವುದಿಲ್ಲ. ಮೇಲೆ ಕಂದು ಬಣ್ಣದ ಒಂದು ಸಿಪ್ಪೆ ಇರುತ್ತದೆ, ಒದ್ದೆ ಗೋಣಿಚೀಲದ ಹಾಗೆ. ಅದನ್ನು ತೆಗೆದು ತಿಕ್ಕಿದ ಮೇಲೆ ನಾವು ನೋಡುವ ಬಿಳುಪು ಬರುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಕ್ಕಳನ್ನು ಕರೆದುಕೊಂಡು ರಾಮೇಶ್ವರದ ಹತ್ತಿರದ ಮಂಡಪಂಗೆ ಹೋಗಿದ್ದೆ. ದಡದಲ್ಲಿ ಒಂದು ಹುಡುಗಿ ಏನೋ ಎತ್ತಿಕೊಂಡು ಬಂದಳು. ಟಗರಿನ ಕೊಂಬಿನ ಹಾಗೆ ತಿರುಚಿಕೊಂಡಿತ್ತು, ಗೇಣುದ್ದ. ಮುಟ್ಟಿದರೆ ಒಣಗಿದ ತೊಗಲಿನ ಹಾಗೆ. ಒಂದರ ಮೇಲೊಂದು ಬಿಲ್ಲೆ ಜೋಡಿಸಿದಂತೆ ಕೋಣೆಗಳು. ಅದು ಶಂಖದ ಮೊಟ್ಟೆಗೂಡು. ತಾಯಿ ಅದರ ಒಂದು ತುದಿಯನ್ನು ಮರಳಿಗೆ ಊರಿ ಬಿಡುತ್ತದೆ. ಒಂದೊಂದು ಕೋಣೆಯಲ್ಲೂ ಮರಿಗಳು. ಬೇರೆ ಎಷ್ಟೋ ಕಡಲ ಪ್ರಾಣಿಗಳ ಮರಿಗಳು ನೀರಿನಲ್ಲಿ ತೇಲಿಕೊಂಡು ದೂರ ಹೋಗುತ್ತವೆ. ಶಂಖದ ಮರಿ ಹಾಗಲ್ಲ, ಚಿಪ್ಪು ಹೊತ್ತುಕೊಂಡೇ ಹೊರಗೆ ಬಂದು ಅಲ್ಲೇ ಮರಳಿನಲ್ಲಿ ಹರಿಯುತ್ತದೆ. ಹಾಗಾಗಿ ಒಂದು ಕಡೆ ಜಾಸ್ತಿ ಹಿಡಿದುಬಿಟ್ಟರೆ ಬೇರೆ ಕಡೆಯಿಂದ ಬಂದು ತುಂಬಿಕೊಳ್ಳುವುದು ಕಷ್ಟ. ಹುಡುಗಿ ಕೈಯಲ್ಲಿದ್ದ ಗೂಡಿನ ಕೋಣೆಗಳಿಗೆಲ್ಲ ತೂತು ಬಿದ್ದಿತ್ತು, ಮರಿಗಳು ಹೊರಟುಹೋಗಿದ್ದವು. ಅವಳಿಗೆ ಎಷ್ಟು ಖುಷಿಯಾಯಿತು ಅಂದರೆ, ಊರಿಗೆ ಬರುವವರೆಗೆ ಬಸ್ಸಿನಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಬರೆಯುತ್ತಾ ಹೊತ್ತಾಯಿತು. ಬಲಮುರಿ ನಾಳೆ.

---

ವಿರಾಜಪೇಟೆ_ಪೂಜಾಸಾಮಾನು · ಅಕ್ಟೋಬರ್ 3, ರಾತ್ರಿ 9:05

ನಾನು ಅಂಗಡಿ ಇಟ್ಟುಕೊಂಡಿದ್ದೇನೆ, ಶಂಖವನ್ನೂ ಮಾರುತ್ತೇನೆ. ಹಾಗಾಗಿ ಒಂದು ಮಾತು. ನಲವತ್ತೈದು ಸಾವಿರ ಕೊಟ್ಟು ಬೀದಿಯಲ್ಲಿ ಬಲಮುರಿ ತೆಗೆದುಕೊಳ್ಳಬೇಡಿ. ನನ್ನ ಹತ್ತಿರವೂ ಅಂಥವರು ಬಂದಿದ್ದಾರೆ. ಅಸಲಿ ಎಂದು ನಂಬಿಸಲು ಹಾಲಲ್ಲಿಟ್ಟು ತೋರಿಸುತ್ತಾರೆ, ಅಕ್ಕಿಯಲ್ಲಿಟ್ಟು ತೋರಿಸುತ್ತಾರೆ. ಒಂದು ಸಲ ನಾನೇ ಮೋಸ ಹೋದೆ. ತಂದು ನಾಲ್ಕು ತಿಂಗಳಾದ ಮೇಲೆ ಒಬ್ಬ ತಮಿಳು ಗಿರಾಕಿ ಕೈಯಲ್ಲಿ ಹಿಡಿದು, ಇದು ನಮ್ಮ ಕಡಲಿನದಲ್ಲ ಎಂದರು. ಅದನ್ನು ಮಾರಲು ಮನಸ್ಸಾಗಲಿಲ್ಲ. ಈಗಲೂ ಅಂಗಡಿಯ ಕಪಾಟಿನಲ್ಲಿದೆ, ಕೇಳಿದವರಿಗೆ ತೋರಿಸುತ್ತೇನೆ.

---

ಮಡಿಕೇರಿ_ಮೇಷ್ಟ್ರಮ್ಮ · ಅಕ್ಟೋಬರ್ 4, ಬೆಳಿಗ್ಗೆ 6:30

ಅಂಗಡಿಯವರು ತಮಗಾದ ನಷ್ಟವನ್ನು ಮುಚ್ಚಿಡದೆ ಹೇಳಿದ್ದು ದೊಡ್ಡ ಮಾತು. ಅವರ ಕಪಾಟಿನಲ್ಲಿರುವುದು ಯಾವುದು ಎಂದು ನಾನು ಊಹಿಸಬಲ್ಲೆ.

ಎಡ ಬಲದ ಗೊಂದಲ ಮೊದಲು ಬಿಡಿಸೋಣ. ಶಂಖವನ್ನು ಸುರುಳಿಯ ತುದಿ ಮೇಲೆ ಬರುವಂತೆ, ಬಾಯಿ ನಿಮ್ಮ ಕಡೆಗೆ ಬರುವಂತೆ ಹಿಡಿಯಿರಿ. ಸಾಮಾನ್ಯ ಶಂಖವಾದರೆ ಬಾಯಿ ನಿಮ್ಮ ಬಲಗಡೆ ಇರುತ್ತದೆ. ಜೀವಶಾಸ್ತ್ರದವರು ನೋಡುವುದು ಹೀಗೆ, ಅವರಿಗೆ ಇದು ಬಲಸುರುಳಿ. ಪೂಜೆ ಮಾಡುವವರು ಹಿಡಿಯುವುದು ಉಲ್ಟಾ, ತೀರ್ಥ ಬೀಳುವ ಮೂತಿ ಮೇಲೆ. ಆಗ ಅದೇ ಬಾಯಿ ಎಡಗಡೆಗೆ ಬರುತ್ತದೆ. ಅವರಿಗೆ ಇದು ಎಡಮುರಿ. ಅಂದರೆ ಪೂಜೆಯ ಬಲಮುರಿ ವಿಜ್ಞಾನದ ಎಡಸುರುಳಿ. ಪುಸ್ತಕ ಓದಿದವರೂ ಇಲ್ಲಿ ಎಡವುತ್ತಾರೆ.

ನಮ್ಮ ಶಂಖದಲ್ಲಿ ಬಲಮುರಿ ಹುಟ್ಟುವುದು ನಿಜ, ಆದರೆ ತೀರಾ ಅಪರೂಪ. ತಿರುವಾಂಕೂರು ಅರಸರ ಲಾಂಛನದಲ್ಲಿ ಇದ್ದದ್ದು ಇದೇ. ಕೇರಳ ಸರ್ಕಾರದ ಲಾಂಛನದಲ್ಲಿ ಎರಡು ಆನೆಗಳ ನಡುವೆ ಈಗಲೂ ಇದೆ. ಹಾಗಾದರೆ ಮಾರುಕಟ್ಟೆಗೆ ಇಷ್ಟೊಂದು ಬಲಮುರಿ ಬರುವುದು ಎಲ್ಲಿಂದ? ಹೆಚ್ಚಿನವು ಅಮೆರಿಕದಿಂದ. ಅಲ್ಲಿನ ಕರಾವಳಿಯಲ್ಲಿ ಲೈಟ್ನಿಂಗ್ ವೆಲ್ಕ್ ಎಂಬ ದೊಡ್ಡ ಬಸವನಹುಳು ಇದೆ. ಅದರ ಚಿಪ್ಪು ಹುಟ್ಟಿನಿಂದಲೇ ಆ ಕಡೆ ಸುತ್ತಿಕೊಂಡಿರುತ್ತದೆ, ಅಲ್ಲಿ ಅದೇ ಸಾಮಾನ್ಯ. ಟೆಕ್ಸಾಸ್‌ನವರು 1987ರಲ್ಲಿ ಅದನ್ನು ತಮ್ಮ ರಾಜ್ಯದ ಚಿಪ್ಪು ಎಂದು ಘೋಷಿಸಿದರು. ಅದಕ್ಕೆ ಪಾಲಿಶ್ ಹೊಡೆದು ಇಲ್ಲಿ ದಕ್ಷಿಣಾವರ್ತಿ, ಅಂದರೆ ಬಲಮುರಿ, ಎಂದು ಮಾರುತ್ತಾರೆ.

ಗುರುತಿಸುವುದು ಸುಲಭ. ಬಾಯಿಯೊಳಗೆ ಟಾರ್ಚ್ ಬಿಡಿ. ನಡುವಿನ ಕಂಬದ ಮೇಲೆ ಮೂರೋ ನಾಲ್ಕೋ ದಪ್ಪ ಗೆರೆಗಳು ಅಡ್ಡಕ್ಕೆ ಎದ್ದಿರಬೇಕು, ಬೆರಳು ಹಾಕಿದರೆ ಏಣಿಯ ಮೆಟ್ಟಿಲ ಹಾಗೆ ಸಿಗುತ್ತವೆ. ಅದು ನಮ್ಮ ಶಂಖ. ವೆಲ್ಕ್‌ನಲ್ಲಿ ಆ ಸಾಲು ಇಲ್ಲ. ಗಾತ್ರಕ್ಕೆ ಹೋಲಿಸಿದರೆ ಅದು ಹಗುರವೂ ಹೌದು.

ಕೆಲವರು ವಿನೆಗರ್ ಹಾಕಿ ನೊರೆ ಬಂದರೆ ಅಸಲಿ ಎನ್ನುತ್ತಾರೆ. ನಂಬಬೇಡಿ. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೊನೇಟೇ, ಅದರ ಪುಡಿ ಅಚ್ಚಿಗೆ ಹಾಕಿ ಮಾಡಿದ ಶಂಖದಲ್ಲೂ ನೊರೆ ಬರುತ್ತದೆ. ಪರೀಕ್ಷೆ ಮಾಡಲು ಹೋಗಿ ಅಸಲಿಯನ್ನೇ ಕೆಡಿಸಿದ ಹಾಗಾಗುತ್ತದೆ.

---

ನಾಪೋಕ್ಲು_ಭಕ್ತ · ಅಕ್ಟೋಬರ್ 4, ಬೆಳಿಗ್ಗೆ 10:10

ಮೇಡಂ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಎಲ್ಲವನ್ನೂ ಗೆರೆ, ತೂಕ ಅಂತ ಅಳೆದರೆ ನಂಬಿಕೆಗೆ ಏನು ಉಳಿಯಿತು? ನಮ್ಮ ತಂದೆ ಬಲಮುರಿ ಇಟ್ಟು ಪೂಜೆ ಮಾಡಿದರು. ಮನೆಗೆ ಒಳ್ಳೆಯದಾಯಿತು. ಅದು ಅಮೆರಿಕದ್ದೋ ತೂತ್ತುಕುಡಿಯದ್ದೋ ಎಂದು ಯಾರೂ ನೋಡಲಿಲ್ಲ.

---

ಮಡಿಕೇರಿ_ಮೇಷ್ಟ್ರಮ್ಮ · ಅಕ್ಟೋಬರ್ 4, ಬೆಳಿಗ್ಗೆ 11:00

ನಿಮ್ಮ ತಂದೆಯವರ ಪೂಜೆಯ ಬಗ್ಗೆ ನಾನು ಒಂದಕ್ಷರ ಆಡುವುದಿಲ್ಲ ಸರ್. ಅವರ ಕೈ ಮುಟ್ಟಿದ ಶಂಖ ನಿಮಗೆ ದೊಡ್ಡದು, ಆಗಿರಲೇಬೇಕು. ನಾನು ಹೇಳಿದ್ದು ಮಾರುವವನ ಸುಳ್ಳಿನ ಬಗ್ಗೆ. ಭಾಗಮಂಡಲದವರ ಹತ್ತಿರ ಈಗಾಗಲೇ ಅಜ್ಜನ ಶಂಖ ಇದೆ. ಅದನ್ನು ಮೂಲೆಗೆ ಹಾಕಿ, ಸಾಲ ಮಾಡಿ ಇನ್ನೊಂದು ತರುವ ಹಾಗಾಗಬಾರದು ಅಂತ ನನ್ನ ಆಸೆ.

---

ನಾಪೋಕ್ಲು_ಭಕ್ತ · ಅಕ್ಟೋಬರ್ 4, ಬೆಳಿಗ್ಗೆ 11:20

ಅದು ಸರಿ ಮೇಡಂ. ಅಜ್ಜನ ಶಂಖ ಬಿಡಬಾರದು. ಅದಕ್ಕೆ ನನ್ನ ಒಪ್ಪಿಗೆಯೂ ಇದೆ.

---

ಕುಶಾಲನಗರ_ಹೊಳೆಬದಿ · ಅಕ್ಟೋಬರ್ 5, ರಾತ್ರಿ 8:15

ಓದುತ್ತಾ ಹೋದ ಹಾಗೆ ನನಗೂ ಬರೆಯಬೇಕು ಅನ್ನಿಸಿತು. ಹೊಳೆ ದಾಟಿದರೆ ನಮಗೆ ಬೈಲಕುಪ್ಪೆ. 1961ರಲ್ಲಿ ಅಲ್ಲಿ ಟಿಬೆಟಿನವರ ನೆಲೆ ಶುರುವಾಯಿತು. ಅವರ ಮಠದಲ್ಲೂ ಶಂಖ ಊದುತ್ತಾರೆ. ಬೆಳ್ಳಿಯ ಪಟ್ಟಿ, ಹವಳ, ಹಸಿರುನೀಲಿ ಕಲ್ಲು ಕೂರಿಸಿ ರೆಕ್ಕೆಯ ಹಾಗೆ ಅಲಂಕಾರ ಮಾಡಿರುತ್ತಾರೆ. ಅವರ ಎಂಟು ಮಂಗಳ ಚಿಹ್ನೆಗಳಲ್ಲಿ ಬಲಮುರಿ ಬಿಳಿ ಶಂಖವೂ ಒಂದು. ಕಡಲೇ ಇಲ್ಲದ ಟಿಬೆಟಿಗೆ ನಮ್ಮ ದಕ್ಷಿಣದ ಕಡಲಿನ ಶಂಖ ಹಿಮಾಲಯ ಹತ್ತಿ ಹೋಗಿತ್ತು. ಈಗ ಅದೇ ಶಂಖದ ದನಿ ಕಾವೇರಿ ದಡದ ಹತ್ತಿರ ಕೇಳುತ್ತದೆ. ಬೆಳಗಿನ ಹೊತ್ತು ಆ ಕಡೆ ಹೋದಾಗ ಕೇಳಿದ್ದೇನೆ, ಮೈ ಜುಮ್ಮೆನ್ನುತ್ತದೆ.

ಮೇಡಂ, ಬಂಗಾಳದ ಹೆಂಗಸರು ಹಾಕುವ ಬಿಳಿ ಬಳೆಯೂ ಇದರದ್ದೇನಾ?

---

ಮಡಿಕೇರಿ_ಮೇಷ್ಟ್ರಮ್ಮ · ಅಕ್ಟೋಬರ್ 5, ರಾತ್ರಿ 9:00

ಇದರದ್ದೇ. ಶಂಖವನ್ನು ಅಡ್ಡಕ್ಕೆ ಕೊಯ್ದರೆ ಉಂಗುರ ಬರುತ್ತದೆ, ಅದನ್ನು ತಿಕ್ಕಿ ಕೆತ್ತಿ ಬಳೆ ಮಾಡುತ್ತಾರೆ. ಮನ್ನಾರ್ ಕೊಲ್ಲಿಯ ಶಂಖ ಜಾಸ್ತಿ ಹೋಗುವುದು ಅಲ್ಲಿಗೇ. ಈ ಕಸುಬು ಬಹಳ ಹಳೆಯದು. ಗುಜರಾತಿನ ನಾಗೇಶ್ವರದಲ್ಲಿ ಹರಪ್ಪ ಕಾಲದ ಶಂಖದ ಕಾರ್ಖಾನೆಯೇ ಸಿಕ್ಕಿದೆ, ಅರೆಕೊಯ್ದ ಚಿಪ್ಪುಗಳ ಸಮೇತ. ನಾಲ್ಕು ಸಾವಿರ ವರ್ಷಕ್ಕಿಂತ ಹಿಂದಿನ ಮಾತು.

ತೂತ್ತುಕುಡಿಯಲ್ಲಿ ಮುಳುಗುವವರು ಮೊದಲು ಉಸಿರು ಬಿಗಿಹಿಡಿದೇ ಕಡಲ ತಳಕ್ಕೆ ಇಳಿಯುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಇದು ಸರ್ಕಾರದ ಏಕಸ್ವಾಮ್ಯವಾಗಿತ್ತು. ಮದರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1914ರಲ್ಲಿ ಈ ಶಂಖದ ಮೇಲೆ ಒಂದು ಪೂರ್ತಿ ಪುಸ್ತಕ ಬರೆದರು. ಮುಳುಗುವವರು ತಂದ ಶಂಖವನ್ನು ಇಲಾಖೆಯವರು ಒಂದು ಅಳತೆಯ ಬಳೆಯಲ್ಲಿ ತೂರಿಸಿ ನೋಡುತ್ತಿದ್ದರು. ಸಣ್ಣದು ಅದರಲ್ಲಿ ತೂರಿ ಬಿದ್ದರೆ ಮತ್ತೆ ಕಡಲಿಗೆ. ಬೆಳೆಯಲಿ, ಮೊಟ್ಟೆಯಿಡಲಿ ಎಂದು. ನನಗೆ ಈ ಕ್ರಮ ಬಹಳ ಇಷ್ಟ.

---

ಸೋಮವಾರಪೇಟೆ_ಕಾಫಿ · ಅಕ್ಟೋಬರ್ 6, ಬೆಳಿಗ್ಗೆ 7:40

ನಮ್ಮ ಕಡೆ ಶಂಖ ಎಂದರೆ ದಾಸಯ್ಯ. ಒಂದು ಕೈಯಲ್ಲಿ ಶಂಖ, ಇನ್ನೊಂದರಲ್ಲಿ ಜಾಗಟೆ. ಮನೆಯಲ್ಲಿ ಸಾವಾದಾಗ ಅವರು ಬಂದು ಊದಿದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಅಪ್ಪ ಹೋದಾಗ ಊದಿದ ದಾಸಯ್ಯನಿಗೆ ಆಗಲೇ ಎಪ್ಪತ್ತು ದಾಟಿತ್ತು. ಒಂದೇ ಉಸಿರಿಗೆ ಎಷ್ಟು ಹೊತ್ತು ಎಳೆದರು ಅಂದರೆ ತೋಟದ ಆ ತುದಿಯಲ್ಲಿದ್ದವರೂ ಕೆಲಸ ಬಿಟ್ಟು ಬಂದರು. ಆ ಶಂಖದ ತುದಿ ಕೊಯ್ದಿತ್ತು. ಪೂಜೆಯ ಶಂಖದಲ್ಲಿ ಯಾಕೆ ಆ ತೂತು ಇರುವುದಿಲ್ಲ?

---

ವಾಲಗದ_ಹುಡುಗ · ಅಕ್ಟೋಬರ್ 6, ಸಂಜೆ 6:20

ಅಣ್ಣ, ಇದಕ್ಕೆ ನಾನು ಹೇಳುತ್ತೇನೆ. ನಾನು ಕೊಂಬು ಊದುವವನು. ಊದುವ ಶಂಖ ಬೇರೆ, ತೀರ್ಥದ ಶಂಖ ಬೇರೆ. ಸುರುಳಿಯ ತುದಿ ಕೊಯ್ದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ತೀರ್ಥದ್ದಕ್ಕೆ ತುದಿ ಮುಚ್ಚಿಯೇ ಇರಬೇಕು, ಇಲ್ಲದಿದ್ದರೆ ನೀರು ನಿಲ್ಲುವುದಿಲ್ಲ.

ಶಂಖವೂ ಕೊಂಬೂ ಊದುವ ರೀತಿ ಒಂದೇ. ಸುಮ್ನೆ ಗಾಳಿ ಬಿಟ್ಟರೆ ಉಸ್ ಅನ್ನುತ್ತದೆ ಅಷ್ಟೇ. ತುಟಿ ಬಿಗಿಮಾಡಿ ನಡುಗಿಸಬೇಕು. ತುಟಿಯ ನಡುಕವನ್ನು ಒಳಗಿನ ಸುರುಳಿ ದೊಡ್ಡದು ಮಾಡುತ್ತದೆ. ಕೆನ್ನೆ ಉಬ್ಬಿಸಬಾರದು, ಹೊಟ್ಟೆಯಿಂದ ಉಸಿರು ಬರಬೇಕು. ಮೊದಲ ವಾರ ತುಟಿ ಮರಗಟ್ಟುತ್ತದೆ. ಹೆದರಬೇಡಿ, ಒಂದು ದಿನ ತಾನಾಗಿ ದನಿ ಏಳುತ್ತದೆ.

---

ಭಾಗಮಂಡಲದ_ಮನೆ · ಅಕ್ಟೋಬರ್ 10, ರಾತ್ರಿ 9:30

ಎಲ್ಲರಿಗೂ ವಿಷಯ ತಿಳಿಸುತ್ತೇನೆ. ಶಂಖವನ್ನು ಒಂದು ದಿನ ನೀರಲ್ಲಿಟ್ಟೆ, ಎರಡು ಸಲ ನೀರು ಬದಲಿಸಿದೆ. ಪುಡಿ ಪೂರ್ತಿ ಹೋಯಿತು. ಐದು ದಿನ ಒಣಗಿಸಿದೆ. ಕಾಚಂಪುಳಿಯ ಕಲೆ ಹಾಗೇ ಇದೆ.

ಟಾರ್ಚ್ ಬಿಟ್ಟು ನೋಡಿದೆ. ಮೂರು ಗೆರೆ ಸ್ಪಷ್ಟ, ನಾಲ್ಕನೆಯದು ಸಣ್ಣದು. ಮಗಳೂ ಬೆರಳು ಹಾಕಿ ಎಣಿಸಿದಳು. 14 ಸೆಂಟಿಮೀಟರ್ ಉದ್ದ ಇದೆ, ಅರ್ಧ ಕೆಜಿ ಹತ್ತಿರ ತೂಗುತ್ತದೆ. ಬಾಯಿಯ ಅಂಚು ಒಂದು ಕಡೆ ಸವೆದು ನಯವಾಗಿದೆ. ಅಜ್ಜ ಹೆಬ್ಬೆರಳು ಇಡುತ್ತಿದ್ದ ಜಾಗ ಅದು. ನಾನು ಹಿಡಿದರೆ ನನ್ನ ಹೆಬ್ಬೆರಳೂ ಅಲ್ಲೇ ಕೂರುತ್ತದೆ. ಇಷ್ಟು ವರ್ಷ ಇದನ್ನು ಗಮನಿಸಿರಲಿಲ್ಲ.

ಮೊನ್ನೆ ಆ ವ್ಯಾಪಾರಿಯ ಶಂಖವನ್ನೂ ನೋಡಿದೆವು. ಚಿಕ್ಕಪ್ಪನ ಮಗ ತಮ್ಮನನ್ನು ಕರೆದುಕೊಂಡೇ ಹೋಗಿದ್ದೆ. ಟಾರ್ಚ್ ನಾನು ಬಿಡಲಿಲ್ಲ, ಅವನ ಕೈಗೇ ಕೊಟ್ಟೆ. ಒಳಗೆ ನುಣ್ಣಗೆ, ಒಂದು ಗೆರೆಯೂ ಇಲ್ಲ. ತಮ್ಮ ಏನೂ ಮಾತಾಡಲಿಲ್ಲ. ಶಂಖ ವಾಪಸ್ ಕೊಟ್ಟ, ಬಂದು ಜೀಪ್ ಹತ್ತಿದ.

---

ವಿರಾಜಪೇಟೆ_ಪೂಜಾಸಾಮಾನು · ಅಕ್ಟೋಬರ್ 10, ರಾತ್ರಿ 9:50

ತುಂಬಾ ಸಂತೋಷ ಆಯಿತು. ಇಡಲು ಹಿತ್ತಾಳೆಯ ಶಂಖದ ಸ್ಟ್ಯಾಂಡ್ ಒಂದು ನನ್ನ ಕಡೆಯಿಂದ ಕೊಡುತ್ತೇನೆ. ದುಡ್ಡು ಬೇಡ. ಮರದ್ದು ಮಾತ್ರ ಬೇಡ ಅಲ್ವಾ ಮೇಡಂ?

---

ಮಡಿಕೇರಿ_ಮೇಷ್ಟ್ರಮ್ಮ · ಅಕ್ಟೋಬರ್ 11, ಬೆಳಿಗ್ಗೆ 6:10

ಹಿತ್ತಾಳೆ ಒಳ್ಳೆಯದು. ಆದರೆ ಸ್ಟ್ಯಾಂಡ್ ತಿಕ್ಕುವಾಗ ಶಂಖವನ್ನು ದೂರ ಇಡಿ, ಹುಣಸೆ ನೀರು ಸಿಡಿಯಬಾರದು. ಪೂಜೆಯಾದ ಮೇಲೆ ಬರೀ ನೀರಲ್ಲಿ ತೊಳೆದು, ಒಳಗೆ ನೀರು ನಿಲ್ಲದ ಹಾಗೆ ಬೋರಲು ಹಾಕಿ ಒಣಗಿಸಿ. ಮುಂದಿನ ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೈಯಲ್ಲಿ ಹಿಡಿದು ನೋಡಿ.

ಮಗಳು ಗೆರೆ ಎಣಿಸಿದಳು ಎಂದು ಓದಿ ಮಂಡಪಂನ ಆ ಹುಡುಗಿ ನೆನಪಾದಳು.

---

ಭಾಗಮಂಡಲದ_ಮನೆ · ಅಕ್ಟೋಬರ್ 18, ರಾತ್ರಿ 8:00

ನಿನ್ನೆ ಸಂಕ್ರಮಣ ಚೆನ್ನಾಗಿ ಆಯಿತು. ತಲಕಾವೇರಿಯಿಂದ ತೀರ್ಥ ತಂದು ಅಜ್ಜನ ಶಂಖಕ್ಕೇ ಹಾಕಿದೆವು. ಶಂಖದಿಂದ ಬಂದರೇ ತೀರ್ಥ ಅನ್ನುವ ಮಾತನ್ನು ದೊಡ್ಡಪ್ಪ ಎರಡು ಸಲ ಹೇಳಿದರು. ಅವರಿಗೆ ಈಗ ಎದ್ದು ಕೂರಲು ಆಗುವುದಿಲ್ಲ. ಮಲಗಿದಲ್ಲೇ ಬಾಯಿಗೆ ಹಾಕಿದೆ. ಕುಡಿದ ಮೇಲೆ ಶಂಖವನ್ನು ಕೈಗೆ ಕೊಡು ಎಂದರು. ಕಲೆಯ ಮೇಲೆ ಬೆರಳಾಡಿಸಿ, ಇದೇನು ಎಂದು ಕೇಳಿದರು. ಕಾಚಂಪುಳಿ ಎಂದೆ. ಬೈಯಲಿಲ್ಲ. ಸ್ವಲ್ಪ ಹೊತ್ತು ಎದೆಯ ಮೇಲೆ ಇಟ್ಟುಕೊಂಡು ಆಮೇಲೆ ನನ್ನ ಮಗಳ ಕೈಗೆ ಕೊಟ್ಟರು.